ಜೋಡಿ ಟ್ರಾನ್ಸಿಸ್ಟರಿಗೆ ಬೆರಳಿನ ಬಿಸಿ ತಾಗದಿರಲಿ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿಯೇ ಹೆಡ್‌ಫೋನ್ ಆಂಪ್ಲಿಫೈಯರ್ ಕಟ್ಟಲು ಹೊರಟಿರುವ ಮೈಸೂರು, ಮಂಡ್ಯದ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ.

ಇಂಥ ಆಂಪ್ಲಿಫೈಯರಿನ ಬಾಗಿಲಲ್ಲಿ ಎರಡು ಟ್ರಾನ್ಸಿಸ್ಟರುಗಳು ಅಕ್ಕಪಕ್ಕ ಕೆಲಸ ಮಾಡುತ್ತವೆ. ಒಂದು ಒಳಬರುವ ಸಂಗೀತವನ್ನು ನೋಡುತ್ತದೆ, ಇನ್ನೊಂದು ಹೊರಹೋಗುತ್ತಿರುವುದನ್ನು ನೋಡುತ್ತದೆ. ಇವು ಒಂದೇ ನೊಗಕ್ಕೆ ಕಟ್ಟಿದ ಹಳ್ಳಿಕಾರ್ ಜೋಡೆತ್ತುಗಳಂತೆ; ಒಂದು ಮುಂದಾಗಿ ಇನ್ನೊಂದು ಹಿಂದಾದರೆ ಗಾಡಿ ವಾಲುತ್ತದೆ. ನಮ್ಮ ಗಾಡಿ ವಾಲಿದರೆ ಸಂಗೀತವಿಲ್ಲದಾಗಲೂ ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ ನಿಂತುಬಿಡುತ್ತದೆ, ಮತ್ತು ನಡುವಿನಲ್ಲಿ ಇರಬೇಕಾದ ಹೆಡ್‌ಫೋನಿನ ಪೊರೆ ಸದಾ ಒಂದು ಕಡೆಗೆ ತಳ್ಳಿಕೊಂಡಿರುತ್ತದೆ.

ಹೊಂದುವ ಜೋಡಿಯನ್ನು ಆರಿಸಲು ಅಳೆಯಬೇಕಾದದ್ದು ಟ್ರಾನ್ಸಿಸ್ಟರಿನ ಮೂರು ಕಾಲುಗಳ ಪೈಕಿ ಬೇಸ್ ಮತ್ತು ಎಮಿಟರ್ ಎಂಬ ಎರಡರ ನಡುವಿನ ವೋಲ್ಟೇಜನ್ನು. ಟ್ರಾನ್ಸಿಸ್ಟರ್ ಕರೆಂಟನ್ನು ಎಷ್ಟು ಪಟ್ಟು ವರ್ಧಿಸುತ್ತದೆ ಎಂದು ತೋರಿಸುವ ಮಲ್ಟಿಮೀಟರಿನ ಎಚ್‌ಎಫ್‌ಇ ತೂತಿಗೆ ಚುಚ್ಚಿ, ಒಂದೇ ಸಂಖ್ಯೆ ಬಂತು, ಜೋಡಿ ಸಿಕ್ಕಿತು ಎಂದು ಎದ್ದುಬಿಡುವವರಿಗೆ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಅದು ಸಾಲದು. ಬಿ.ಸಿ. 547 ಎಂಬ ಸಂಖ್ಯೆಯ ಟ್ರಾನ್ಸಿಸ್ಟರಿನ ಕಲೆಕ್ಟರ್ ಮತ್ತು ಬೇಸ್ ಕಾಲುಗಳನ್ನು ಒಟ್ಟಿಗೆ ಸೇರಿಸಿ, ಸ್ಥಿರವಾದ 12 ವೋಲ್ಟ್‌ನಿಂದ 10 ಕಿಲೋ ಓಮ್ ರೆಸಿಸ್ಟರ್ ಮೂಲಕ ಕರೆಂಟ್ ಕೊಟ್ಟು, ಎಮಿಟರನ್ನು ಸೊನ್ನೆ ವೋಲ್ಟಿಗೆ ಸೇರಿಸಿ. ಸುಮಾರು 1 ಮಿಲಿಆಂಪ್ ಹರಿಯುತ್ತದೆ, ಮೀಟರ್ 600ರಿಂದ 700 ಮಿಲಿವೋಲ್ಟ್ ನಡುವೆ ಎಲ್ಲೋ ಒಂದು ಅಂಕಿ ತೋರಿಸುತ್ತದೆ. ಆ ಅಂಕಿ ಎರಡರಲ್ಲೂ 1 ಮಿಲಿವೋಲ್ಟಿನ ಒಳಗೆ ಹೊಂದಬೇಕು.

ಹೋದ ಬೇಸಿಗೆಯಲ್ಲಿ ಮದ್ದೂರಿನ ಕಡೆಯ ಒಬ್ಬ ವಿದ್ಯಾರ್ಥಿ ಮೈಸೂರಿನ ನಮ್ಮ ಮನೆಗೆ ಒಂದು ಬೋರ್ಡು ಹಿಡಿದುಕೊಂಡು ಬಂದಿದ್ದ. ಐವತ್ತು ಟ್ರಾನ್ಸಿಸ್ಟರ್ ತಂದು ಅಳೆದು, ಒಂದೊಂದರ ಅಂಕಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಅತ್ಯುತ್ತಮ ಜೋಡಿಯನ್ನೇ ಬೆಸುಗೆ ಹಾಕಿದ್ದ. ಆದರೂ ನಾಲ್ಕು ಪಟ್ಟು ವರ್ಧಿಸುವ ಆ ಆಂಪ್ಲಿಫೈಯರಿನ ಔಟ್‌ಪುಟ್‌ನಲ್ಲಿ 40 ಮಿಲಿವೋಲ್ಟ್ ನಿಂತಿತ್ತು. ರೆಸಿಸ್ಟರುಗಳೆಲ್ಲ ಸರಿಯಾಗಿದ್ದವು, ಬೆಸುಗೆಯೂ ಅಚ್ಚುಕಟ್ಟಾಗಿತ್ತು. ಕೊನೆಗೆ, ನೀನು ಹೇಗೆ ಅಳೆದೆಯೋ ಹಾಗೆಯೇ ನನ್ನೆದುರು ಅಳೆದು ತೋರಿಸು ಎಂದೆ. ಆತ ಒಂದು ಟ್ರಾನ್ಸಿಸ್ಟರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಕಾಲುಗಳನ್ನು ನೇರ ಮಾಡಿ, ಬ್ರೆಡ್‌ಬೋರ್ಡಿಗೆ ಒತ್ತಿ, ಮೀಟರಿನಲ್ಲಿ ಕಂಡ 637 ಎಂಬ ಅಂಕಿಯನ್ನು ಕೂಡಲೇ ಬರೆದುಕೊಂಡ. ನಾನು ಅವನ ಕೈ ಹಿಡಿದು, ಸ್ವಲ್ಪ ಸುಮ್ಮನಿರು ಎಂದೆ. ಇಬ್ಬರೂ ನೋಡುತ್ತ ಕುಳಿತೆವು. 638 ಆಯಿತು, 641 ಆಯಿತು, ಕೆಲವು ನಿಮಿಷ ಕಳೆಯುವಷ್ಟರಲ್ಲಿ 647ಕ್ಕೆ ಏರಿ ಅಲ್ಲಿಯೇ ನಿಂತಿತು. ಹುಡುಗನ ಮುಖ ನೋಡಬೇಕಿತ್ತು!

ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಈ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಬೆರಳು ಐದು ಡಿಗ್ರಿ ಬಿಸಿ ಕೊಟ್ಟರೆ 10 ಮಿಲಿವೋಲ್ಟ್ ಹೋಯಿತು. ನಾವು ಹುಡುಕುತ್ತಿರುವ ವ್ಯತ್ಯಾಸವಾದರೋ ಒಂದೇ ಒಂದು ಮಿಲಿವೋಲ್ಟ್. ಒಂದು ಟ್ರಾನ್ಸಿಸ್ಟರನ್ನು ಹೆಚ್ಚು ಹೊತ್ತು, ಇನ್ನೊಂದನ್ನು ಕಡಿಮೆ ಹೊತ್ತು ಹಿಡಿದಿದ್ದರಿಂದ, ಆತ ಬರೆದುಕೊಂಡದ್ದು ತನ್ನ ಬೆರಳಿನ ಬಿಸಿಯ ಪಟ್ಟಿಯನ್ನೇ ಹೊರತು ಟ್ರಾನ್ಸಿಸ್ಟರುಗಳ ಪಟ್ಟಿಯನ್ನಲ್ಲ. ಆ ಮಧ್ಯಾಹ್ನವೇ ಫ್ಯಾನ್ ನಿಲ್ಲಿಸಿ, ಕಿಟಕಿಯ ಬಿಸಿಲಿನಿಂದ ಮೇಜನ್ನು ದೂರ ಸರಿಸಿ, ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಒಂದೊಂದನ್ನೇ ಹಿಡಿದು ಸಿಕ್ಕಿಸಿ, ಅಂಕಿ ನಿಲ್ಲುವವರೆಗೆ ಕಾದು ಐವತ್ತನ್ನೂ ಮತ್ತೆ ಅಳೆದೆವು. ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಹೊಸ ಜೋಡಿ ಹಾಕಿದ ಮೇಲೆ ಔಟ್‌ಪುಟ್‌ನಲ್ಲಿ ಉಳಿದದ್ದು 3 ಮಿಲಿವೋಲ್ಟ್. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಬೆರಳು ತಾಗಿಸಬೇಡಿ, ಅಂಕಿ ನಿಲ್ಲುವವರೆಗೆ ಕಾಯಿರಿ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂದಿದೆ. ಎಚ್‌ಎಫ್‌ಇಯನ್ನು ಇದಾದ ಮೇಲೆ ನೋಡಿ, ಹತ್ತಿರ ಹತ್ತಿರ ಇದ್ದರೆ ಸಾಕು. ಆರಿಸಿದ ಎರಡರ ಚಪ್ಪಟೆ ಮುಖಗಳನ್ನು ಸ್ವಲ್ಪ ಹೀಟ್‌ಸಿಂಕ್ ಪೇಸ್ಟ್ ಹಚ್ಚಿ ಎದುರುಬದುರು ಸೇರಿಸಿ, ಶಾಖಕ್ಕೆ ಕುಗ್ಗುವ ಕೊಳವೆಯಿಂದ ಬಿಗಿಯಿರಿ. ಆಗ ಬಿಸಿಯಾದರೂ ಎರಡೂ ಒಟ್ಟಿಗೇ ಬಿಸಿಯಾಗುತ್ತವೆ. ಔಟ್‌ಪುಟ್‌ನಲ್ಲಿರುವ ಬಿ.ಡಿ. 139, ಬಿ.ಡಿ. 140 ಟ್ರಾನ್ಸಿಸ್ಟರ್ ಜೋಡಿಗೆ ಇಷ್ಟು ಶ್ರಮ ಬೇಕಿಲ್ಲ. ಬೋರ್ಡಿಗೆ ವಿದ್ಯುತ್ ಕೊಟ್ಟ ಮೇಲೆ ಹತ್ತು ನಿಮಿಷ ಬಿಟ್ಟು, ಹೆಡ್‌ಫೋನ್ ಚುಚ್ಚುವ ಮೊದಲು ಎಡ ಬಲ ಎರಡೂ ಔಟ್‌ಪುಟ್‌ಗಳ ಡಿಸಿಯನ್ನು ಅಳೆಯಿರಿ. 20 ಮಿಲಿವೋಲ್ಟಿಗಿಂತ ಹೆಚ್ಚಿದ್ದರೆ ಹೆಡ್‌ಫೋನನ್ನು ಪಕ್ಕಕ್ಕಿಟ್ಟು, ಮತ್ತೆ ಆ ಕ್ಲಿಪ್ಪನ್ನು ಕೈಗೆತ್ತಿಕೊಳ್ಳಿ. ನಮಸ್ಕಾರ.