ಎರಡನೇ ಸಲ ಹೋಗಿ

(ಮಲೆನಾಡಿನ ಸ್ವಯಂಸೇವಕರ ಶಿಬಿರವೊಂದರಲ್ಲಿ ಆಡಿದ ಮಾತು)

ಗೆಳೆಯರೇ, ಮಂಗನ ಕಾಯಿಲೆ ಅಂದರೇನು ಅಂತ ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ರೋಗ; ಕಾಡಿನ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಹುಳ, ಕಚ್ಚಿ ಬರುವ ಜ್ವರ. 2018ರ ಕೊನೆಗೆ ಸಾಗರದ ಅರಳಗೋಡಿಗೆ ಬಂದಾಗ ನಿಮ್ಮಲ್ಲಿ ಹಲವರು ಕಣ್ಣಾರೆ ಕಂಡಿದ್ದೀರಿ. ಈ ಜ್ವರದ ಕಾಲ ಶುರುವಾಗುವ ನವೆಂಬರ್ ಬಂತೆಂದರೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಅದಕ್ಕೇ ಇವತ್ತು ರೋಗದ ಮಾತು ಕಡಿಮೆ, ಮನೆ ಮನೆಗೆ ಹೋಗುವ ನಿಮ್ಮ ಮಾತೇ ಹೆಚ್ಚು.

ನಾನು ಹೇಳುವುದು ಇಷ್ಟೇ: ಎರಡನೇ ಸಲ ಹೋಗಿ. ಮೊದಲ ಸಲ ಹೋಗುವುದಕ್ಕೆ ಜನ ಸಿಗುತ್ತಾರೆ. ಜೀಪು ಇರುತ್ತದೆ, ಬ್ಯಾನರ್ ಇರುತ್ತದೆ, ಕರಪತ್ರ ಇರುತ್ತದೆ.

ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಕಾಡಂಚಿನ ಮನೆ, ಮುಂದೆ ನಾಲ್ಕು ಸಾಲು ಅಡಿಕೆ, ಹಿಂದೆ ಕೊಟ್ಟಿಗೆ. ದಿನಾ ದರಗು, ಅಂದರೆ ಒಣಗಿದ ಎಲೆ, ಗುಡಿಸಿ ತರಲು ಕಾಡಿಗೆ ಹೋಗುವವರು. ಊರಿನ ಆಶಾ ಕಾರ್ಯಕರ್ತೆಯ ಜೊತೆ ಹೋಗಿ ಉಣುಗು ಹತ್ತದಂತೆ ಹಚ್ಚುವ ಎಣ್ಣೆ ಕೊಟ್ಟು ಬಂದೆ. ಆಗ ಡಿಎಂಪಿ ಎಣ್ಣೆ, ಈಗ ಕೊಡುವುದು ಡೆಪಾ. ಕೈಕಾಲಿಗೆ ಹಚ್ಚಿಕೊಂಡೇ ಹೋಗಿ ಅಂದೆ. ಆಯಿತು ಅಂದರು, ಮಜ್ಜಿಗೆ ಕೊಟ್ಟರು. ನನ್ನ ಪಟ್ಟಿಯಲ್ಲಿ ಆ ಮನೆಗೆ ಗುರುತು ಬಿತ್ತು. ವಾರ ಬಿಟ್ಟು ಅದೇ ದಾರಿಯಲ್ಲಿ ಬರುವಾಗ ಹಣಕಿದೆ. ಬಾಟಲಿ ದೇವರ ಗೂಡಿನ ಪಕ್ಕ ಇತ್ತು, ಮುಚ್ಚಳದ ಸೀಲೂ ಒಡೆದಿರಲಿಲ್ಲ. ಕರಪತ್ರವನ್ನು ಮಡಚಿ ಅದರಡಿಗೆ ಇಟ್ಟಿದ್ದರು! ಯಾಕಜ್ಜಿ ಅಂದೆ. "ಈ ವಾಸನೆಗೆ ದನ ಸೊರ ಬಿಟ್ಟು ಹಾಲು ಕೊಡೋದಿಲ್ಲ ತಮ್ಮಾ, ಒದೀತದೆ. ಒದೆ ತಿನ್ನೋದು ನಾನಾ, ನೀನಾ?" ಅಂದರು.

ಸಭೆ ನಗುತ್ತಿದೆ, ನಾನೂ ಅವತ್ತು ನಕ್ಕೆ. ಆಮೇಲೆ ಜಗಲಿಯ ಮೇಲೆ ಕೂತು ಅಜ್ಜಿಯ ದಿನಚರಿ ಕೇಳಿದೆವು. ಬೆಳಗಿನ ಹಾಲು ಕರೆದಾದ ಮೇಲೆ ಎಣ್ಣೆ. ಕಾಡಿಂದ ಬಂದವರೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ. ಹೇಗೂ ಉಣುಗು ಹೋಗಲು ಆ ಸ್ನಾನ ಬೇಕೇ ಬೇಕು. ಸಂಜೆ ಹಾಲು ಕರೆಯುವಾಗ ವಾಸನೆ ಇಲ್ಲ. ಇದು ಯಾವ ಕರಪತ್ರದಲ್ಲೂ ಇರಲಿಲ್ಲ. ಮೊದಲ ಸಲ ಹೋದಾಗ ಅಜ್ಜಿ ಹೇಳಲೂ ಇಲ್ಲ. ಗುರುತಿಲ್ಲದವನಿಗೆ ಮಜ್ಜಿಗೆ ಕೊಡಬಹುದು, ಮನೆಯ ಕಷ್ಟ ಹೇಳುವುದು ಹೇಗೆ?

ಲಸಿಕೆಯಲ್ಲೂ ಇದೇ ಆಯಿತು. ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರ್. ಮೊದಲನೆಯದಕ್ಕೇ ರಟ್ಟೆ ನೋವು ಬಂದವರು ಎರಡನೆಯದಕ್ಕೆ ಬರಲಿಲ್ಲ. ಅವರಿಗೆ ತಿಳುವಳಿಕೆ ಇಲ್ಲ ಅಂದವರಿದ್ದಾರೆ. ನಾನು ಒಪ್ಪುವುದಿಲ್ಲ. ಕೂಲಿಗೆ ಹೋಗುವವರಿಗೆ ರಟ್ಟೆ ಎತ್ತಲಾಗದಿದ್ದರೆ ಅವತ್ತಿನ ಸಂಬಳ ಹೋಯಿತು. ಆ ಲಸಿಕೆ 2022ರಲ್ಲಿ ನಿಂತಿತು. ಹೊಸದು ಬಂದಾಗ ಈ ನೋವು ನೆನಪಿರಲಿ.

ಇನ್ನೊಂದು, ಇದನ್ನು ದಯವಿಟ್ಟು ಬರೆದುಕೊಳ್ಳಿ. ಈ ಜ್ವರ ತಾನೇ ಎರಡನೇ ಸಲ ಬರಬಹುದು. ಇಳಿಯಿತು, ಗಂಜಿ ಉಂಡರು, ಎದ್ದು ಓಡಾಡಿದರು ಅಂತ ಸಮಾಧಾನ ಪಡುವಷ್ಟರಲ್ಲಿ, ವಾರ ಎರಡು ವಾರದಲ್ಲಿ ಕೆಲವರಿಗೆ ಮತ್ತೆ ಏರುತ್ತದೆ. ಆಗ ವಿಪರೀತ ತಲೆನೋವು, ನಡುಕ, ಬುದ್ಧಿ ಮಂಕಾಗುವುದು. ಆ ಹೊತ್ತಿಗೆ ನಿಮ್ಮ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ "ಗುಣವಾಗಿದೆ" ಅಂತ ಇದ್ದರೆ?

ಚೀಟಿ ಬಂತು, ಐದು ನಿಮಿಷವಂತೆ. ಕೋವಿಡ್ ಕಾಲದ ಅನುಭವ ಹೇಳಬೇಕೆಂದಿದ್ದೆ, ಬಿಡುತ್ತೇನೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ಜಾಗಕ್ಕೆ ದನ ಬಿಡಬೇಡಿ ಅನ್ನಿ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಕಾಯಿಲೆ ಬಿದ್ದ ಮನೆಯ ಜಗಲಿಯಲ್ಲಿ ನೀವೇ ಕೂತು ಚಹಾ ಕುಡಿಯಿರಿ, ಅಕ್ಕಪಕ್ಕದವರು ನೋಡಲಿ. ನೀವೂ ಎಣ್ಣೆ ಹಚ್ಚಿಕೊಂಡೇ ಹೊರಡಿ.

ಹಿಂದಿನ ಮೇಜಿನ ಮೇಲೆ ಪಟ್ಟಿಗಳಿವೆ. ಪ್ರತಿ ಮನೆಯ ಹೆಸರಿನ ಮುಂದೆ ಎರಡು ಖಾನೆ ಎಳೆಸಿದ್ದೇನೆ.