ರಾಕ್ಸಿ ಥಿಯೇಟರ್ ಕೆಡವಿದ್ದು ಯಾಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆಯ ಥಿಯೇಟರ್ ಒಂದು ಹೋಯಿತು ಅಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು. ಟಿವಿ ಬಂತು, ಜನ ಬರೋದು ನಿಂತಿತು, ಪಾಪ ಇನ್ನೇನು ಮಾಡ್ತಾರೆ ಅಂತ. ಈ ಮಾತು ಕೇಳಿ ಕೇಳಿ ನನಗೆ ಬೇಜಾರಾಗಿದೆ. ಟಿವಿಯಿಂದ ಥಿಯೇಟರಿಗೆ ನಷ್ಟ ಆಗಬಹುದು, ಒಪ್ಪಿಕೊಳ್ಳೋಣ. ಆದರೆ ಅದನ್ನು ಕೆಡವಿಸುವುದು ಅದು ನಿಂತಿರುವ ಜಾಗದ ಬೆಲೆ. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ ವಿಷಯ. ಅದಕ್ಕಾಗಿ ನ್ಯೂಯಾರ್ಕಿನ ರಾಕ್ಸಿ ಥಿಯೇಟರಿನ ಕಥೆ ಹೇಳುತ್ತೇನೆ.

ರಾಕ್ಸಿ ಅನ್ನುವುದು ಒಬ್ಬ ಮನುಷ್ಯನ ಅಡ್ಡಹೆಸರು. ಪೂರ್ತಿ ಹೆಸರು ಸ್ಯಾಮ್ಯುಯೆಲ್ ರಾಥಫೆಲ್. ಇವರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನನಗೆ ಬಹಳ ಇಷ್ಟವಾದ ಕಥೆ ಇದು. 1908ರಲ್ಲಿ ಪೆನ್ಸಿಲ್ವೇನಿಯಾದ ಫಾರೆಸ್ಟ್ ಸಿಟಿ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ, ಮಾವನ ಹೆಂಡದಂಗಡಿಯ ಹಿಂದಿದ್ದ ಹಾಲ್‌ನಲ್ಲಿ ಇವರು ಸಿನಿಮಾ ತೋರಿಸಲು ಶುರು ಮಾಡಿದರು. ಕುರ್ಚಿಗೆ ದುಡ್ಡಿರಲಿಲ್ಲ. ಊರಿನಲ್ಲಿ ಶವಸಂಸ್ಕಾರದ ಏರ್ಪಾಟು ಮಾಡುವವನೊಬ್ಬನಿದ್ದ. ಅವನ ಹತ್ತಿರ ಕುರ್ಚಿಗಳನ್ನು ಎರವಲು ತಂದರಂತೆ. ಊರಲ್ಲಿ ಯಾರಾದರೂ ತೀರಿಕೊಂಡರೆ ಕುರ್ಚಿಗಳು ಆ ಕಡೆ ಹೋಗುತ್ತಿದ್ದವು, ಇಲ್ಲಿ ಆಟ ಬಂದ್ ಆಗುತ್ತಿತ್ತು ಅಂತ ಹೇಳುತ್ತಾರೆ. ಯೋಚನೆ ಮಾಡಿ, ಅಂಥ ಕಡೆಯಿಂದ ಬಂದವರು ಮುಂದೆ ನ್ಯೂಯಾರ್ಕಿನ ಒಂದರ ಹಿಂದೊಂದು ದೊಡ್ಡ ಥಿಯೇಟರುಗಳನ್ನು ನಡೆಸಿದರು. 1922ರಿಂದ ಅವುಗಳಲ್ಲೊಂದಾದ ಕ್ಯಾಪಿಟಲ್ ಥಿಯೇಟರಿನಿಂದಲೇ ರೇಡಿಯೋ ಕಾರ್ಯಕ್ರಮ ಕೊಡಲು ಶುರು ಮಾಡಿದರು. ಅದರಿಂದ ಮನೆಮನೆಯಲ್ಲೂ ಇವರ ದನಿ ಪರಿಚಯವಾಯಿತು. ರೇಡಿಯೋದಲ್ಲಿ ಕೂತು ಈ ಮಾತು ಹೇಳುವುದಕ್ಕೆ ನನಗೂ ಖುಷಿಯಾಗುತ್ತಿದೆ.

1925ರಲ್ಲಿ ಹರ್ಬರ್ಟ್ ಲೂಬಿನ್ ಎಂಬ ನಿರ್ಮಾಪಕರು, ಜಗತ್ತಿನಲ್ಲೇ ಎಲ್ಲೂ ಇಲ್ಲದಂಥ ಥಿಯೇಟರ್ ಕಟ್ಟುತ್ತೇನೆ ಅಂತ ಹೊರಟರು. ನಡೆಸಲು ರಾಕ್ಸಿಯೇ ಬೇಕು ಅಂತ ಹಟ. ದೊಡ್ಡ ಸಂಬಳ, ಲಾಭದಲ್ಲಿ ಪಾಲು, ಇವೆಲ್ಲದರ ಮೇಲೆ ಥಿಯೇಟರಿಗೆ ಅವರದೇ ಹೆಸರು. ರಾಕ್ಸಿ ಕೇಳಿದ್ದಕ್ಕೆಲ್ಲ ಲೂಬಿನ್ ಹೂಂ ಅಂದರು. ಖರ್ಚು ಅಂದಾಜಿಗಿಂತ 25 ಲಕ್ಷ ಡಾಲರ್ ಮೇಲೆ ಹೋಯಿತು. ಬಾಗಿಲು ತೆರೆಯಲು ಒಂದು ವಾರ ಇದ್ದಾಗ ಲೂಬಿನ್ ತಮ್ಮ ಪಾಲನ್ನು ಸಿನಿಮಾ ಕಂಪನಿಯ ಒಡೆಯ ವಿಲಿಯಂ ಫಾಕ್ಸ್ ಅವರಿಗೆ 50 ಲಕ್ಷ ಡಾಲರಿಗೆ ಮಾರಿ ಕೈತೊಳೆದುಕೊಂಡರು.

1927ರ ಮಾರ್ಚ್ 11ಕ್ಕೆ ಥಿಯೇಟರ್ ತೆರೆಯಿತು. 5,920 ಸೀಟು! ಎರವಲು ಕುರ್ಚಿಯವರ ಥಿಯೇಟರ್ ಇದು, ಮರೆಯಬೇಡಿ. ಪರದೆಯ ಮುಂದೆ 110 ಜನ ವಾದ್ಯಗಾರರು ಕೂರುವಷ್ಟು ಜಾಗ. ಒಂದು ದೊಡ್ಡ ಆರ್ಗನ್ ವಾದ್ಯ, ಅದಕ್ಕೆ ಮೂರು ಕೀಲಿಮಣೆ ಮೇಜು, ಮೂವರು ಒಟ್ಟಿಗೆ ಕೂತು ನುಡಿಸಬಹುದಿತ್ತು. ಆದರೆ ನನಗೆ ಇವೆಲ್ಲಕ್ಕಿಂತ ದೊಡ್ಡದು ಪ್ರೊಜೆಕ್ಟರ್ ರೂಮು. ಸಾಮಾನ್ಯವಾಗಿ ಅದು ಬಾಲ್ಕನಿಯ ಹಿಂದೆ, ತೀರಾ ಮೇಲಿರುತ್ತದೆ. ಅಲ್ಲಿಂದ ಬೆಳಕು ಓರೆಯಾಗಿ ಕೆಳಗಿಳಿಯುತ್ತದೆ. ಚಿತ್ರ ಮೇಲೆ ಕಿರಿದಾಗಿ, ಕೆಳಗೆ ಅಗಲವಾಗಿ ಸೊಟ್ಟಗಾಗುತ್ತದೆ. ಇಲ್ಲಿ ವಾಸ್ತುಶಿಲ್ಪಿ ವಾಲ್ಟರ್ ಆಲ್‌ಶ್ಲಾಗರ್ ಆ ರೂಮನ್ನು ಬಾಲ್ಕನಿಯ ಮುಂಭಾಗದಲ್ಲೇ ಕೂರಿಸಿಬಿಟ್ಟರು. ಚಿತ್ರ ನೆಟ್ಟಗೆ, ಸ್ಪಷ್ಟವಾಗಿ ಬಿತ್ತು. ಅಷ್ಟು ಜನರ ನಡುವೆ, ಬಾಲ್ಕನಿ ಕೊರೆದು ಆಪರೇಟರಿಗೆ ಜಾಗ ಮಾಡಿಕೊಟ್ಟರಲ್ಲ, ಸಿನಿಮಾಕ್ಕೆ ಮರ್ಯಾದೆ ಕೊಡುವುದು ಅಂದರೆ ಇದು.

ಈಗ ನನ್ನ ಮಾತಿಗೆ ಬರುತ್ತೇನೆ. 1930ರಲ್ಲಿ ಫಾಕ್ಸ್ ತಮ್ಮ ಕಂಪನಿಯನ್ನೇ ಕಳೆದುಕೊಂಡರು. ಥಿಯೇಟರ್ ಬೀಳಲಿಲ್ಲ. ಸ್ವತಃ ರಾಕ್ಸಿಯೇ ಬಿಟ್ಟು, 1932ರಲ್ಲಿ ತೆರೆದ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್ ಎಂಬ ಹೊಸ ಥಿಯೇಟರಿಗೆ ಹೋದರು. ಆಗಲೂ ಬೀಳಲಿಲ್ಲ. 1936ರಲ್ಲಿ ಅವರು ತೀರಿಕೊಂಡರು. ಟಿವಿ ಬಂತು. 1953ರ ಸೆಪ್ಟೆಂಬರಿನಲ್ಲಿ ಸಿನಿಮಾಸ್ಕೋಪ್ ಎಂಬ ಅಗಲ ಪರದೆಯ ಪದ್ಧತಿಯ ಮೊದಲ ಚಿತ್ರ ಬಿಡುಗಡೆಯಾಗಿದ್ದು ಇದೇ ರಾಕ್ಸಿಯಲ್ಲಿ. ಟಿವಿಗೆ ಉತ್ತರ ಕೊಟ್ಟ ಥಿಯೇಟರನ್ನೇ ಟಿವಿ ಕೊಂದಿತು ಅಂದರೆ ಹೇಗೆ ಒಪ್ಪಲಿ?

1956ರಲ್ಲಿ ಹತ್ತಿರದ ದೊಡ್ಡ ಕಟ್ಟಡಗಳ ಸಮೂಹವಾದ ರಾಕ್‌ಫೆಲರ್ ಸೆಂಟರಿನವರು ರಾಕ್ಸಿಯನ್ನು ಕೊಂಡರು. ಅವರಿಗೆ ಬೇಕಾಗಿದ್ದು ಸಿನಿಮಾ ಅಲ್ಲ, ರಾಕ್ಸಿಯ ತಲೆಯ ಮೇಲಿದ್ದ ಆಕಾಶ. ಆಗಿನ ನ್ಯೂಯಾರ್ಕ್ ನಿಯಮದ ಪ್ರಕಾರ ಸೈಟಿನ ಕಾಲು ಭಾಗದ ಮೇಲೆ ಮಾತ್ರ ಎಷ್ಟು ಎತ್ತರಕ್ಕಾದರೂ ಗೋಪುರ ಏರಿಸಬಹುದಿತ್ತು. ಸೈಟು ದೊಡ್ಡದಾದಷ್ಟೂ ಗೋಪುರ ದಪ್ಪ. ಪಕ್ಕದಲ್ಲಿ ಟೈಮ್-ಲೈಫ್ ಕಟ್ಟಡ ಏಳಬೇಕಿತ್ತು. ರಾಕ್ಸಿಯ ಜಾಗವನ್ನು ಲೆಕ್ಕಕ್ಕೆ ಸೇರಿಸಿಕೊಂಡರೆ ಕೆಲಸ ಆಯಿತು. ಆಮೇಲೆ ಜಾಗ ವಿಲಿಯಂ ಝೆಕೆಂಡಾರ್ಫ್ ಎಂಬ ಬಿಲ್ಡರ್ ಕೈಗೆ ಹೋಯಿತು. ಅವರಿಗೂ ಬೇಕಾಗಿದ್ದು ಆಫೀಸು ಕಟ್ಟಡ. 1960ರ ಮಾರ್ಚ್‌ನಲ್ಲಿ ಕೊನೆಯ ಆಟ. ಅದೇ ವರ್ಷ ಗೋಡೆಗಳು ಉರುಳಿದವು. ಹೇಳಿ, ಇದರಲ್ಲಿ ಪ್ರೇಕ್ಷಕ ಎಲ್ಲಿ ಬಂದ? ಜಾಗ, ಜಾಗ, ಬರೀ ಜಾಗ!

ಮೊದಲ ದಿನದ ಚಿತ್ರದ ನಾಯಕಿ ಗ್ಲೋರಿಯಾ ಸ್ವಾನ್ಸನ್. ಕೆಡವುತ್ತಿದ್ದಾಗ, 1960ರ ಅಕ್ಟೋಬರಿನಲ್ಲಿ, ಅವರೇ ಆ ಅವಶೇಷಗಳ ನಡುವೆ ಬಂದು ನಿಂತರು. ಕಪ್ಪು ಉಡುಪು, ಗರಿಯ ಶಾಲು, ಎರಡೂ ತೋಳು ಮೇಲೆತ್ತಿದ್ದಾರೆ. ಎಲಿಯಟ್ ಎಲಿಸೋಫನ್ ತೆಗೆದ ಫೋಟೋ ಅದು. ಸಿಕ್ಕರೆ ಖಂಡಿತ ನೋಡಿ.

ಸಮಯ ಆಗುತ್ತಾ ಬಂತು, ಇನ್ನೊಂದು ವಿಷಯ ಬೇಗ ಹೇಳಿಬಿಡುತ್ತೇನೆ. ನ್ಯೂಯಾರ್ಕಿನಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ಕಾನೂನು ಬಂದಿದ್ದು 1965ರಲ್ಲಿ. ರಾಕ್ಸಿಗೆ ಐದು ವರ್ಷ ತಡವಾಯಿತು. 1978ರಲ್ಲಿ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ಗೂ ಬೀಗ ಹಾಕುತ್ತೇವೆ ಅಂದರು. ಅದೂ ನಷ್ಟದಲ್ಲೇ ಇತ್ತು. ಆದರೆ ಈ ಸಲ ಜನ ಎದ್ದರು, ಗಲಾಟೆ ಮಾಡಿದರು. ಕಾನೂನು ಕೈಯಲ್ಲಿತ್ತು. ಅದೇ ವರ್ಷ ಒಳಾಂಗಣಕ್ಕೆ ರಕ್ಷಣೆ ಸಿಕ್ಕಿತು, ಕೆಡವುವ ದಾರಿ ಮುಚ್ಚಿತು. ಅಲ್ಲಿ ಇವತ್ತಿಗೂ ಕಾರ್ಯಕ್ರಮ ನಡೆಯುತ್ತಿವೆ, ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬಹುದು.

ನಮಸ್ಕಾರ.