ಬದುಕಿರುವ ಮಾಂಸವನ್ನೇ ತಿನ್ನುವ ಹುಳ

ಕೇಳುಗರೆಲ್ಲರಿಗೂ ನಮಸ್ಕಾರ.

ದನದ ಗಾಯಕ್ಕೆ ಹುಳ ಬಿತ್ತೆಂದರೆ ನಮ್ಮಲ್ಲಿ ಮೊದಲು ಬೈಗುಳ ಬೀಳುವುದು ಕೊಟ್ಟಿಗೆ ಗುಡಿಸುವವರಿಗೆ. ಸಗಣಿ ಬಾಚಿಲ್ಲ, ಗಂಜಲ ಹರಿಯಲು ಬಿಟ್ಟಿಲ್ಲ, ಅದಕ್ಕೇ ಹೀಗಾಯಿತು ಎಂದು ಅತ್ತೆ ಸೊಸೆಯನ್ನು, ಅಪ್ಪ ಮಗನನ್ನು ಗದರುತ್ತಾರೆ. ಈ ವಿಷಯದಲ್ಲಿ ನಾನು ಸೊಸೆಯ ಪರ. ಕೊಟ್ಟಿಗೆ ಗಲೀಜಾಗಿದ್ದರೆ ಗಾಯ ಕೀವಾಗುತ್ತದೆ, ಬೇರೆ ನೊಣಗಳು ಮುತ್ತುತ್ತವೆ, ಅದು ನಿಜ. ಆದರೆ ಕನ್ನಡಿಯಂತೆ ಹೊಳೆಯುವ ಕೊಟ್ಟಿಗೆಗೂ ಬರುವ ನೊಣವೊಂದಿದೆ. ಅದಕ್ಕೆ ಸಗಣಿ ಬೇಡ, ತಿಪ್ಪೆ ಬೇಡ, ಸತ್ತ ಪ್ರಾಣಿಯೂ ಬೇಡ. ಬದುಕಿರುವ ಪ್ರಾಣಿಯ ಮೈಯಲ್ಲದೆ ಬೇರೆಲ್ಲೂ ಅದರ ಮರಿಗಳು ಬೆಳೆಯುವುದಿಲ್ಲ.

ಕ್ರೈಸೊಮಿಯಾ ಬೆಜ್ಜಿಯಾನಾ ಎಂಬುದು ವಿಜ್ಞಾನಿಗಳು 1914ರಲ್ಲಿ ಅದಕ್ಕೆ ಇಟ್ಟ ಹೆಸರು. ಮನೆನೊಣಕ್ಕಿಂತ ಸ್ವಲ್ಪ ದೊಡ್ಡದು. ನೀಲಿ, ಹಸಿರು ಬೆರೆತು ಮಿರುಗುವ ಮೈ, ಕಿತ್ತಳೆ ಬಣ್ಣದ ಮುಖ. ಆಫ್ರಿಕಾದಿಂದ ಹಿಡಿದು ಭಾರತವೂ ಸೇರಿ ಪಪುವಾ ನ್ಯೂಗಿನಿಯವರೆಗೆ ಇದರ ಸೀಮೆ. ಹೆಣ್ಣು ನೊಣ ಗಾಯದ ನಡುವೆ ಕೂರುವುದಿಲ್ಲ, ಒಣಗಿದ ಅಂಚನ್ನು ಹುಡುಕುತ್ತದೆ. ಅಲ್ಲಿ ನೂರೈವತ್ತು, ಇನ್ನೂರು ಬಿಳಿ ಮೊಟ್ಟೆಗಳನ್ನು ಒಂದಕ್ಕೊಂದು ಅಂಟಿಸಿ ಒತ್ತಾಗಿ ಜೋಡಿಸಿಡುತ್ತದೆ. ಒಂದು ದಿನ ಕಳೆಯುವುದರೊಳಗೆ ಮೊಟ್ಟೆ ಒಡೆದು ಹೊರಬಂದ ಹುಳಗಳು ತಲೆ ಕೆಳಗೆ ಮಾಡಿ ಮಾಂಸದೊಳಕ್ಕೆ ಕೊರೆಯುತ್ತವೆ. ಮೈಸುತ್ತ ಮುಳ್ಳಿನ ಉಂಗುರಗಳಿರುವುದರಿಂದ ಎಳೆದರೆ ಸುಲಭವಾಗಿ ಬರುವುದಿಲ್ಲ. ಉಸಿರಾಡುವ ರಂಧ್ರಗಳು ಬಾಲದ ತುದಿಯಲ್ಲಿವೆ. ಗಾಯವನ್ನು ಬಗ್ಗಿ ನೋಡಿದರೆ ಕಾಣುವುದು ಆ ತುದಿಗಳು ಮಾತ್ರ, ಸಾಲಾಗಿ, ಮಿಸುಕುತ್ತ. ಐದಾರು ದಿನ ತಿಂದು ಬಲಿತ ಮೇಲೆ ತಾವಾಗಿಯೇ ನೆಲಕ್ಕೆ ಉದುರಿ, ಮಣ್ಣಿನೊಳಗೆ ಕೋಶ ಕಟ್ಟಿ, ಬೆಚ್ಚಗಿನ ದಿನಗಳಲ್ಲಾದರೆ ಸುಮಾರು ಒಂದು ವಾರಕ್ಕೆ ನೊಣವಾಗಿ ಏಳುತ್ತವೆ. ಇಷ್ಟರಲ್ಲಿ ಗಾಯದ ವಾಸನೆಗೆ ಇನ್ನಷ್ಟು ನೊಣಗಳು ಬಂದು ಮೊಟ್ಟೆಯಿಟ್ಟಿರುತ್ತವೆ.

ದೊಡ್ಡ ಗಾಯವೇ ಬೇಕೆಂದಿಲ್ಲ. ಉಣ್ಣಿ ಕಚ್ಚಿದ ಜಾಗ ಸಾಕು. ಆಗತಾನೇ ಹುಟ್ಟಿದ ಕರುವಿನ ಹಸಿ ಹೊಕ್ಕುಳು, ಕರು ಹಾಕಿದ ಹಸುವಿನ ಹರಿದ ಯೋನಿ, ಮೂಗುದಾರ ಚುಚ್ಚಿದ ತೂತು, ನೊಗ ಉಜ್ಜಿದ ಹೆಗಲು, ಕಿವಿಗೆ ಗುರುತಿನ ಹಳದಿ ಓಲೆ ಹಾಕಿದ ಗಾಯ, ಉಣ್ಣೆ ಕತ್ತರಿಸುವಾಗ ಕುರಿಯ ಚರ್ಮಕ್ಕೆ ತಗುಲಿದ ಕತ್ತರಿ. ಕಾಲುಬಾಯಿ ಜ್ವರ ಬಂದ ಊರಿನಲ್ಲಂತೂ ಗೊರಸಿನ ಸಂದು ಬಿಡಿಸಿ ನೋಡಲೇಬೇಕು.

ಇದೇ ಬಗೆಯ ಇನ್ನೊಂದು ನೊಣ ಅಮೆರಿಕ ಖಂಡಗಳಲ್ಲಿದೆ. ಅದನ್ನು ಮನುಷ್ಯರು ಮಣಿಸಿದ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಎಡ್ವರ್ಡ್ ನಿಪ್ಲಿಂಗ್ ಮತ್ತು ರೇಮಂಡ್ ಬುಷ್‌ಲ್ಯಾಂಡ್ ಅಮೆರಿಕ ಸಂಯುಕ್ತ ಸಂಸ್ಥಾನದ ಕೃಷಿ ಇಲಾಖೆಯ ಇಬ್ಬರು ಕೀಟತಜ್ಞರು. ಆ ಹೆಣ್ಣು ನೊಣ ಬಾಳಿನಲ್ಲಿ ಸಾಮಾನ್ಯವಾಗಿ ಒಮ್ಮೆ ಮಾತ್ರ ಕೂಡುತ್ತದೆ ಎಂಬುದನ್ನು ಅವರು ಹಿಡಿದುಕೊಂಡರು. ಕೋಶದಲ್ಲಿರುವಾಗಲೇ ವಿಕಿರಣ ಹಾಯಿಸಿ ಸಂತಾನಶಕ್ತಿ ಕಳೆದ ಗಂಡುಗಳನ್ನು ರಾಶಿ ರಾಶಿಯಾಗಿ ಬಿಟ್ಟರೆ? ಹೆಣ್ಣು ಮೊಟ್ಟೆಯಿಡುತ್ತದೆ, ಮೊಟ್ಟೆ ಒಡೆಯುವುದಿಲ್ಲ. ಕೇಳಿದವರಲ್ಲಿ ನಕ್ಕವರೂ ಇದ್ದರು. ನೊಣ ಕೊಲ್ಲಲು ನೊಣ ಸಾಕುವುದೆಂದರೆ ಯಾರಿಗೂ ನಗು ಬರುವ ಮಾತೇ. 1954ರಲ್ಲಿ ಕೆರಿಬಿಯನ್ ಸಮುದ್ರದ, ಮೇಕೆಗಳೇ ಹೆಚ್ಚಿದ್ದ ಕುರಸಾವ್ ದ್ವೀಪದ ಮೇಲೆ ವಿಮಾನದಿಂದ ಅಂಥ ನೊಣಗಳನ್ನು ಬಿಟ್ಟರು. ಕೆಲವೇ ತಿಂಗಳಲ್ಲಿ ದ್ವೀಪದಲ್ಲಿ ಹುಳವೇ ಇಲ್ಲವಾಯಿತು. ಆಮೇಲೆ ಫ್ಲಾರಿಡಾದಲ್ಲಿ, ಹಳೆಯ ವಾಯುನೆಲೆಯ ಹ್ಯಾಂಗರ್ ಒಂದರಲ್ಲಿ, ಅರೆದ ಮಾಂಸ ಮತ್ತು ರಕ್ತ ಉಣಿಸಿ ವಾರಕ್ಕೆ 5 ಕೋಟಿ ನೊಣ ಸಾಕುವ ಕಾರ್ಖಾನೆ ನಡೆಯಿತು. ಆ ಕಟ್ಟಡದ ವಾಸನೆಯನ್ನು ನಿಮ್ಮ ಊಹೆಗೇ ಬಿಡುತ್ತೇನೆ. 1959ರ ಹೊತ್ತಿಗೆ ಅಮೆರಿಕದ ಆಗ್ನೇಯ ಭಾಗ ಹುಳದಿಂದ ಪಾರಾಯಿತು. ಅಲ್ಲಿಂದ ದಕ್ಷಿಣಕ್ಕೆ ತಳ್ಳುತ್ತ ತಳ್ಳುತ್ತ 1991ಕ್ಕೆ ಮೆಕ್ಸಿಕೋ, 2006ಕ್ಕೆ ಪನಾಮಾ.

ಈ ನಡುವೆ 1988ರಲ್ಲಿ ಅದೇ ನೊಣ ಸಮುದ್ರ ದಾಟಿ ಆಫ್ರಿಕಾದ ಲಿಬಿಯಾದಲ್ಲಿ ಕಾಣಿಸಿಕೊಂಡಿತು. ಮೆಕ್ಸಿಕೋದ ಕಾರ್ಖಾನೆಯಿಂದ ಅಟ್ಲಾಂಟಿಕ್ ಸಾಗರದಾಚೆಗೆ ವಿಮಾನದಲ್ಲಿ ನೊಣ ಸಾಗಿಸಿ, ವಾರಕ್ಕೆ 4 ಕೋಟಿಯವರೆಗೆ ಬಿಟ್ಟು, 1991ರಲ್ಲಿ ಅದನ್ನೂ ಮುಗಿಸಿದರು.

ಆದರೆ ಕಾವಲು ಸಡಿಲವಾದರೆ ಅದು ಹಿಂತಿರುಗುತ್ತದೆ. 2023ರಿಂದ ಪನಾಮಾದಲ್ಲಿ ಪ್ರಕರಣಗಳು ಏರಿದವು. ಒಂದೊಂದೇ ದೇಶ ದಾಟಿದ ನೊಣ 2024ರ ನವೆಂಬರ್‌ನಲ್ಲಿ ಮೆಕ್ಸಿಕೋ ತಲುಪಿತು. ನೊಣ ತನ್ನ ರೆಕ್ಕೆಯನ್ನೇ ನಂಬಿ ಅಷ್ಟು ದೂರ ಬರಬೇಕಾಗಿರಲಿಲ್ಲ, ಗಾಯವಾದ ದನವನ್ನು ಲಾರಿಗೆ ಹತ್ತಿಸಿದರೆ ಹುಳವೂ ಜೊತೆಗೇ ಹೊರಡುತ್ತದೆ. ನಮ್ಮ ಸಂತೆಗಳಲ್ಲಿ ದನ ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ. ಬಾಲ ಎತ್ತಿ, ಗೊರಸಿನ ಸಂದು ಬಿಡಿಸಿ ನೋಡುವವರನ್ನು ನಾನು ಕಂಡದ್ದು ಕಡಿಮೆ.

ನಮ್ಮ ರೈತರ ಕೈಯಲ್ಲಿ ವಿಮಾನವೂ ಇಲ್ಲ, ನೊಣದ ಕಾರ್ಖಾನೆಯೂ ಇಲ್ಲ. ಇರುವುದು ಹತ್ತಿ, ಟರ್ಪೆಂಟೈನ್ ಎಣ್ಣೆ, ಒಂದು ಚಿಮುಟ. ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಗಾಯದ ಬಾಯಿಗೆ ಇಟ್ಟರೆ ಹುಳಗಳಿಗೆ ಉಸಿರು ಕಟ್ಟಿ ಮೇಲಕ್ಕೆ ಬರುತ್ತವೆ. ಆಗ ಒಂದೊಂದಾಗಿ ತೆಗೆಯಬೇಕು. ಕಣ್ಣಿನ ಹತ್ತಿರದ ಗಾಯಕ್ಕೆ ಮಾತ್ರ ಈ ಎಣ್ಣೆ ಬೇಡ. ಫಿನೈಲ್, ಪೆಟ್ರೋಲ್ ಸುರಿಯುವವರಿದ್ದಾರೆ. ಹುಳದ ಜೊತೆ ಹಸಿ ಮಾಂಸವೂ ಸುಟ್ಟು ಗಾಯ ಇಮ್ಮಡಿಯಾಗುತ್ತದೆ. ಸೀತಾಫಲದ ಎಲೆ ಅರೆದು ಕಟ್ಟುವ ಹಿರಿಯರ ಪದ್ಧತಿ ಇದಕ್ಕಿಂತ ಎಷ್ಟೋ ವಾಸಿ. ಐವರ್‌ಮೆಕ್ಟಿನ್ ಚುಚ್ಚುಮದ್ದು ಒಳ್ಳೆಯದೇ, ಆದರೆ ಅದನ್ನು ಪಶುವೈದ್ಯರೇ ಕೊಡಲಿ. ಹಾಲು ಕರೆಯುವ ಹಸುವಾದರೆ ಎಷ್ಟು ದಿನ ಹಾಲು ಬಳಸಬಾರದೆಂದು ಕೇಳಿಕೊಳ್ಳಿ.

ಇನ್ನು ತೆಗೆದ ಹುಳಗಳ ವಿಷಯ. ಹೆಚ್ಚಿನ ಮನೆಗಳಲ್ಲಿ ಅವನ್ನು ಅಂಗಳದಾಚೆಗೆ ಎಸೆಯುತ್ತಾರೆ. ಬಲಿತ ಹುಳಕ್ಕೆ ಬೇಕಾದದ್ದೂ ಅದೇ, ಮಣ್ಣು ಸಿಕ್ಕರೆ ಸಾಕು. ಗಾಯದಿಂದ ಮಣ್ಣಿಗೆ ನಾವೇ ದಾಟಿಸಿದಂತಾಯಿತು. ಹಳೆಯ ಡಬ್ಬಿಯೊಂದರಲ್ಲಿ ಹಾಕಿಕೊಂಡು ಕುದಿಯುವ ನೀರು ಸುರಿಯಿರಿ.

ಒಂದು ಸಲ ತೆಗೆದರೆ ಮುಗಿಯಿತೆಂದು ಬಿಡಬೇಡಿ. ಆಳದಲ್ಲಿ ಉಳಿದವು ಮರುದಿನ ಕಾಣುತ್ತವೆ. ಗಾಯ ತೊಳೆದು ಔಷಧ ಹಚ್ಚಿದ ಮೇಲೆ ಸುತ್ತಲೂ ಬೇವಿನ ಎಣ್ಣೆ ಸವರಿ, ಗಾಯ ಒಣಗುವವರೆಗೆ ದಿನಾ ನೋಡಿ. ಕರು ಹುಟ್ಟಿದ ಕೂಡಲೇ ಹೊಕ್ಕುಳ ಬಳ್ಳಿಯನ್ನು ಹೊಟ್ಟೆಯಿಂದ ಎರಡು ಅಂಗುಲ ಬಿಟ್ಟು ದಾರದಿಂದ ಕಟ್ಟಿ, ಕತ್ತರಿಸಿ, ಟಿಂಕ್ಚರ್ ಅಯೋಡಿನ್‌ನಲ್ಲಿ ಅದ್ದಿ. ಗಾಯ ಆಳವಾಗಿದ್ದರೆ, ಮೂಗಿನೊಳಗೆ ಅಥವಾ ಕೊಂಬಿನ ಬುಡದಲ್ಲಿ ಹುಳ ಕಂಡರೆ, ನೀವೇ ಕೆದಕಲು ಹೋಗದೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಪಶುವೈದ್ಯರನ್ನು ಕರೆಸಿಕೊಳ್ಳಿ.

ನಮಸ್ಕಾರ.